ದಿಬ್ಬಕ್ಕೆ ಸಲಿಕೆ ಹಾಕುವ ಮೊದಲು ಚಿನ್ನದ ಲೆಕ್ಕ ಬರೆಯಿರಿ

ಮಾನ್ಯ ಸಂಪಾದಕರೇ,

ಕೆಜಿಎಫ್‌ನ ಸೈನೈಡ್ ದಿಬ್ಬಗಳಿಂದ, ಅಂದರೆ ಅರೆದ ಅದಿರಿನಿಂದ ಸೈನೈಡ್ ಬಳಸಿ ಚಿನ್ನ ತೆಗೆದ ಮೇಲೆ ಉಳಿದ ಮರಳಿನ ಗುಡ್ಡೆಗಳಿಂದ, ಮತ್ತೆ ಚಿನ್ನ ತೆಗೆಯುವ ಸುದ್ದಿ ಆಗಾಗ ಪ್ರಕಟವಾಗುತ್ತಿದೆ. 13 ದಿಬ್ಬ, ಸಾವಿರ ಎಕರೆಗೂ ಮಿಕ್ಕಿದ ಜಾಗ, 3.3 ಕೋಟಿ ಟನ್ ಪುಡಿಮರಳು. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಾಗಿನಿಂದ ಗುತ್ತಿಗೆ ಯಾರ ಪಾಲಾಗುತ್ತದೆ, ಕೆಲಸ ಯಾರಿಗೆ ಸಿಗುತ್ತದೆ ಎಂಬುದೇ ನಮ್ಮ ಕಡೆಯ ಮಾತು. ಅದೂ ಆಗಬೇಕಾದ ಮಾತೇ. ಆದರೆ 2001ರ ಫೆಬ್ರುವರಿಯಲ್ಲಿ ಗಣಿ ಮುಚ್ಚುವ ತನಕ ಅಸ್ಸೇ ಕಚೇರಿಯಲ್ಲಿ (ಅದಿರಿನಲ್ಲಿ ಎಷ್ಟು ಚಿನ್ನವಿದೆ ಎಂದು ಪರೀಕ್ಷಿಸುವ ಕಡೆ) ಅದಿರಿನ ಮಾದರಿಗಳನ್ನು ಪುಡಿ ಮಾಡಿ, ಕರಗಿಸಿ, ತೂಗಿದ ನನಗೆ ಇನ್ನೊಂದು ಪ್ರಶ್ನೆ ಕಾಡುತ್ತಿದೆ. ಆ ದಿಬ್ಬಗಳಲ್ಲಿ ಇರುವ ಚಿನ್ನವನ್ನು ಅಳೆಯುವವರು ಯಾರು? ಆ ಲೆಕ್ಕವನ್ನು ಯಾರ ಮುಂದೆ ಇಡುತ್ತಾರೆ?

ಟನ್ನಿಗೆ ಒಂದು ಗ್ರಾಂ ಚಿನ್ನ ಸಿಗಬಹುದು ಎಂದು ವರದಿಗಳು ಹೇಳುತ್ತವೆ. ಅಸ್ಸೇ ಮೇಜಿನ ಮೇಲೆ ಇದರ ಅರ್ಥ ಏನೆಂದು ಓದುಗರಿಗೆ ತಿಳಿಸಬೇಕು. ನಾವು ಪರೀಕ್ಷೆಗೆ ತೆಗೆದುಕೊಳ್ಳುವುದು ಸುಮಾರು 30 ಗ್ರಾಂ ಪುಡಿ. ಅದಕ್ಕೆ ಸೀಸದ ಆಕ್ಸೈಡ್, ಸೋಡಾ, ಬಿಳಿಗಾರ, ಒಂದು ಚಿಟಿಕೆ ಗೋಧಿ ಹಿಟ್ಟು, ಗೊತ್ತಾದ ತೂಕದ ಬೆಳ್ಳಿ ಸೇರಿಸಿ ಮೂಸೆಯಲ್ಲಿ ಸಾವಿರ ಡಿಗ್ರಿಗೂ ಮೇಲೆ ಕಾಯಿಸುತ್ತೇವೆ. ಹಿಟ್ಟು ಉರಿದು ಆಕ್ಸೈಡನ್ನು ಸೀಸವಾಗಿಸುತ್ತದೆ. ಸೀಸ ಕೆಳಗಿಳಿಯುವಾಗ ಚಿನ್ನ ಬೆಳ್ಳಿಗಳನ್ನು ಎಳೆದುಕೊಂಡು ಹೋಗುತ್ತದೆ. ಆ ಸೀಸದ ಗುಂಡನ್ನು ಮೂಳೆಬೂದಿಯ ಬಟ್ಟಲಿನಲ್ಲಿಟ್ಟು ಮತ್ತೆ ಕುಲುಮೆಗೆ ಇಟ್ಟರೆ ಸೀಸವನ್ನೆಲ್ಲ ಬಟ್ಟಲು ಹೀರಿಕೊಂಡು ಒಂದು ಸಣ್ಣ ಮಣಿ ಉಳಿಯುತ್ತದೆ. ಅದನ್ನು ನೈಟ್ರಿಕ್ ಆಮ್ಲಕ್ಕೆ ಹಾಕಿದರೆ ಬೆಳ್ಳಿ ಕರಗಿ, ಕಂದು ಬಣ್ಣದ ಚುಕ್ಕೆಯೊಂದು ತಳದಲ್ಲಿ ನಿಲ್ಲುತ್ತದೆ. ಕಾಯಿಸಿದಾಗಷ್ಟೇ ಅದು ಹಳದಿಯಾಗುವುದು. ಟನ್ನಿಗೆ ಒಂದು ಗ್ರಾಂ ಇರುವ ಮರಳಿನಲ್ಲಿ ಆ ಚುಕ್ಕೆಯ ತೂಕ 0.03 ಮಿಲಿಗ್ರಾಂ. ಸಾಸಿವೆ ಕಾಳೊಂದು ಅದಕ್ಕಿಂತ ಎಷ್ಟೋ ಪಟ್ಟು ಭಾರ.

ಇಷ್ಟು ಸೂಕ್ಷ್ಮ ತೂಕದ ಮೇಲೆ ಕೋಟಿಗಟ್ಟಲೆ ಟನ್‌ಗಳ ಬೆಲೆ ಕಟ್ಟುತ್ತೇವೆ. ಟನ್ನಿಗೆ ಕಟ್ಟಿದ ಅಂದಾಜಿನಲ್ಲಿ 0.1 ಗ್ರಾಂನಷ್ಟು ಹೆಚ್ಚು ಕಡಿಮೆಯಾದರೂ 3.3 ಕೋಟಿ ಟನ್‌ಗೆ 3,300 ಕಿಲೋ ಚಿನ್ನದ ವ್ಯತ್ಯಾಸ ಬರುತ್ತದೆ. ಮರಳಿನ ಹಸಿಯನ್ನು ಕಳೆಯದೆ ತೂಗಿದರೂ ಅಷ್ಟೇ. ಶೇ 10ರಷ್ಟು ತೇವಾಂಶ ಇದ್ದರೆ 33 ಲಕ್ಷ ಟನ್ ನೀರನ್ನು ಚಿನ್ನದ ಮರಳೆಂದು ಬರೆದಂತೆ.

ತಪ್ಪು ನುಸುಳುವುದು ಹೆಚ್ಚಾಗಿ ಕುಲುಮೆಯಲ್ಲಲ್ಲ, ಅದಕ್ಕಿಂತ ಬಹಳ ಮೊದಲು. ದಿಬ್ಬದ ಮೇಲ್ಮೈಯಿಂದ ನಾಲ್ಕು ಬೊಗಸೆ ಬಾಚಿಕೊಂಡು ಬಂದರೆ ಅದು ಮಾದರಿ ಎನಿಸಿಕೊಳ್ಳುವುದಿಲ್ಲ. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ, ಬಾಲಘಾಟ್ ಗಣಿಗಳ ಅದಿರು ಒಂದೇ ಗುಣದ್ದಾಗಿರಲಿಲ್ಲ. ನೂರಕ್ಕೂ ಹೆಚ್ಚು ವರ್ಷ ಗಿರಣಿಗಳು ಅರೆದು ಸುರಿದ ಮರಳು ಪದರ ಪದರವಾಗಿ ಕೂತಿದೆ. ತಳದ್ದು ಒಂದು ಕಾಲದ್ದು, ನೆತ್ತಿಯದ್ದು ಇನ್ನೊಂದು ಕಾಲದ್ದು. ಹಾಗಾಗಿ ದಿಬ್ಬದ ಮೇಲೆ ಚೌಕ ಚೌಕವಾಗಿ ಗುರುತು ಹಾಕಿ, ಪ್ರತಿ ಚೌಕದಲ್ಲೂ ತಳದ ನೆಲ ಮುಟ್ಟುವವರೆಗೆ ಕೊರೆದು, ಮೀಟರಿಗೊಂದು ಚೀಲ ತುಂಬಬೇಕು. ಆ ಚೀಲವನ್ನು ಒಣಗಿಸಿ, ಕಲಸಿ, ಗುಪ್ಪೆ ಹಾಕಿ, ಗುಪ್ಪೆಯನ್ನು ತಟ್ಟಿ ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡನ್ನು ಮಾತ್ರ ಉಳಿಸಿಕೊಂಡು, ಮತ್ತೆ ಕಲಸಿ ಹಾಗೆಯೇ ಪಾಲು ಮಾಡುತ್ತಾ ಹೋಗಬೇಕು. ಒಂದು ಮಾದರಿ ಅರೆದಾದ ಮೇಲೆ ಯಂತ್ರದಲ್ಲಿ ಬರಿಯ ಬೆಣಚುಕಲ್ಲಿನ ಪುಡಿ ಅರೆದು ತೆಗೆಯದಿದ್ದರೆ, ಹಿಂದಿನ ಮಾದರಿಯ ಚಿನ್ನ ಮುಂದಿನದಕ್ಕೆ ಅಂಟುತ್ತದೆ. ನಮ್ಮ ಹಿರಿಯರೊಬ್ಬರು ಈ ಒಂದು ವಿಷಯದಲ್ಲಿ ಯಾರಿಗೂ ರಿಯಾಯಿತಿ ಕೊಡುತ್ತಿರಲಿಲ್ಲ. ಅವರ ಹಟದ ಬೆಲೆ ಈಗ ಇನ್ನೂ ಚೆನ್ನಾಗಿ ತಿಳಿಯುತ್ತದೆ.

ಹಳೆಯ ದಾಖಲೆಗಳನ್ನು ನೆಚ್ಚುವವರಿಗೂ ಒಂದು ಮಾತು. ಆಗ ಲೆಕ್ಕ ಬರೆಯುತ್ತಿದ್ದದ್ದು ಪೆನ್ನಿವೇಟ್‌ಗಳಲ್ಲಿ, ಬ್ರಿಟಿಷ್ ಟನ್‌ಗೆ. ಒಂದು ಪೆನ್ನಿವೇಟ್ ಎಂದರೆ 1.555 ಗ್ರಾಂ, ಆ ಟನ್ 1,016 ಕಿಲೋ. ಆ ಟನ್ನಿಗೆ ಒಂದು ಪೆನ್ನಿವೇಟ್ ಎಂಬುದನ್ನು ಈಗಿನ ಸಾವಿರ ಕಿಲೋ ಟನ್ನಿನ ಲೆಕ್ಕಕ್ಕೆ ತಂದರೆ ಟನ್ನಿಗೆ 1.53 ಗ್ರಾಂ. ಟನ್ನನ್ನು ಮರೆತು 1.555 ಎಂದೇ ಬರೆದುಕೊಂಡವರು ಇಲ್ಲದ ಚಿನ್ನವನ್ನು ಸೃಷ್ಟಿಸುತ್ತಾರೆ.

ಇದು ಕೇವಲ ಪ್ರಯೋಗಾಲಯದ ವಿಚಾರವಲ್ಲ. ನಮ್ಮ ದೇಶದಲ್ಲಿ ಚಿನ್ನದ ಅದಿರಿಗೆ ರಾಜಧನ ವಿಧಿಸುವುದು ಅದಿರಿನಲ್ಲಿ ಅಡಗಿರುವ ಚಿನ್ನದ ಮೇಲೆ, ಲಂಡನ್ ದರದ ಶೇ 4ರಂತೆ. ಮಾದರಿಯಲ್ಲಿ ಕಡಿಮೆ ತೋರಿಸಿದರೆ ರಾಜ್ಯದ ಬೊಕ್ಕಸಕ್ಕೆ ನಷ್ಟ. ಹೆಚ್ಚು ತೋರಿಸಿದರೆ ಹಣ ಹೂಡಿದವರಿಗೆ ನಷ್ಟ. ಇಂಡೊನೇಷ್ಯಾದ ಬೂಸಾಂಗ್‌ನಲ್ಲಿ ಜಗತ್ತಿನ ಅತಿ ದೊಡ್ಡ ನಿಕ್ಷೇಪಗಳಲ್ಲೊಂದಿದೆ ಎಂದು ನಂಬಿಸಿದ್ದ ಬ್ರಿ-ಎಕ್ಸ್ ಕಂಪನಿಯ ಬಂಡವಾಳ 1997ರಲ್ಲಿ ಬಯಲಾಯಿತು. ಮಾದರಿಗಳಿಗೆ ಹೊರಗಿನ ಚಿನ್ನ ಬೆರೆಸಲಾಗಿತ್ತು. ಕೊರೆದು ತೆಗೆದ ಕಲ್ಲುಕಂಬಿಯ ಅರ್ಧವನ್ನು ಮರುಪರೀಕ್ಷೆಗೆಂದು ಎತ್ತಿಡುವ ಬದಲು ಹೆಚ್ಚುಕಡಿಮೆ ಪೂರ್ತಿ ಪುಡಿ ಮಾಡಿಬಿಟ್ಟಿದ್ದರು. ಬೇರೆಯವರು ಹೋಗಿ ಹೊಸದಾಗಿ ಕೊರೆದ ಮೇಲೆಯೇ ಅಲ್ಲಿ ಏನೂ ಇಲ್ಲವೆಂಬುದು ಖಚಿತವಾದದ್ದು.

ದಿಬ್ಬದಿಂದ ಚಿನ್ನ ತೆಗೆಯುವ ಘಟಕ ಶುರುವಾದ ಮೇಲಿನ ಲೆಕ್ಕ ಕೇಳಲು ಸುಲಭ. ಒಳಹೋದ ಚಿನ್ನ ಒಂದು ಕಡೆ. ಚಿನ್ನದ ಗಟ್ಟಿಯಾಗಿ ಹೊರಬಂದದ್ದು, ತೊಟ್ಟಿಗಳಲ್ಲಿ ಉಳಿದದ್ದು, ತ್ಯಾಜ್ಯದಲ್ಲಿ ಹೊರಟುಹೋದದ್ದು ಇನ್ನೊಂದು ಕಡೆ. ಎರಡೂ ತಾಳೆಯಾಗಬೇಕು. ತಾಳೆಯಾಗದಿದ್ದಾಗ ಎಲ್ಲರ ಕಣ್ಣು ಮೊದಲು ಬೀಳುವುದು ಕಾರ್ಮಿಕರ ಮೇಲೆ. ಗೇಟಿನಲ್ಲಿ ಬಟ್ಟೆ ಕೊಡವಿಸಿ, ಊಟದ ಡಬ್ಬಿ ತೆರೆಸಿ ನೋಡುತ್ತಾರೆ. ಅದಿರು ಸಾಗುವ ಬೆಲ್ಟಿನ ತೂಕದ ಯಂತ್ರವನ್ನು ಕೊನೆಯ ಸಲ ಸರಿ ನೋಡಿದ್ದು ಯಾವಾಗ ಎಂದು ಯಾರೂ ಕೇಳುವುದಿಲ್ಲ. ತೂಕದ ದೋಷಕ್ಕೆ ದುಡಿಯುವವನ ಮಾನ ಹೋಗುವುದನ್ನು ಇನ್ನೊಮ್ಮೆ ನೋಡುವ ಇಚ್ಛೆ ನನಗಿಲ್ಲ.

ಆದ್ದರಿಂದ ಗುತ್ತಿಗೆಗೆ ಸಹಿ ಬೀಳುವ ಮುನ್ನವೇ ಪ್ರತಿ ದಿಬ್ಬದ ಮಾದರಿ ಫಲಿತಾಂಶವನ್ನು, ಎಷ್ಟು ಆಳದಿಂದ ಎಂಬ ವಿವರದೊಂದಿಗೆ ಸರ್ಕಾರ ಪ್ರಕಟಿಸಲಿ. ಪ್ರತಿ ಮಾದರಿಯ ಅರ್ಧವನ್ನು ಮೊಹರು ಹಾಕಿ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ವಶದಲ್ಲಿ ಇಡಲಿ. ಕೆಲಸ ಆರಂಭವಾದ ಮೇಲೆ ಒಣ ತೂಕ, ಒಳಹೋದ ಚಿನ್ನ, ಹೊರಬಂದ ಚಿನ್ನದ ಲೆಕ್ಕ ತಿಂಗಳು ತಿಂಗಳು ಹೊರಬೀಳಲಿ. ಮರುಪರೀಕ್ಷೆಗೆ ದೂರ ಹೋಗಬೇಕಿಲ್ಲ. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ರಾಜ್ಯದ್ದೇ ಚಿನ್ನದ ಗಣಿ ನಡೆಯುತ್ತಿದೆ, ಅಲ್ಲಿ ಈ ಕೆಲಸ ಬಲ್ಲವರಿದ್ದಾರೆ. ಹತ್ತು ಚೀಲಕ್ಕೊಂದರಂತೆ ಗುರುತು ತಿಳಿಸದೆ ಅವರಿಗೆ ಕಳಿಸಿ, ಎರಡೂ ಕಡೆಯ ಅಂಕಿಗಳನ್ನು ಅಕ್ಕಪಕ್ಕ ಅಚ್ಚು ಹಾಕಲಿ.

– ನಿವೃತ್ತ ಅಸ್ಸೇ ಸಹಾಯಕ, ಬಂಗಾರಪೇಟೆ