ರಟ್ಟೆ ತಿಕ್ಕುವುದು ಬಿಡು, ಭುಜ ನೋಡು

ಚಿರಂಜೀವಿ ಮಾಲಿನಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಪತ್ರ ಎರಡು ಸಲ ಓದಿದೆ. ಬಲಗೈ ನೋವು ಶುರುವಾಗಿ ನಾಲ್ಕು ತಿಂಗಳಾಯಿತು, ರಾತ್ರಿ ಆ ಮಗ್ಗುಲಿಗೆ ಹೊರಳಿದರೆ ಎಚ್ಚರವಾಗುತ್ತದೆ, ಬೆನ್ನ ಹಿಂದೆ ಕೈ ಹೋಗುವುದಿಲ್ಲ ಎಂದಿದ್ದೀ. ರಟ್ಟೆಗೆ ದಿನಾ ಮುಲಾಮು ಹಚ್ಚಿ ಗಟ್ಟಿಯಾಗಿ ತಿಕ್ಕಿಸಿಕೊಳ್ಳುತ್ತಿದ್ದೀ. ಎಂಆರ್‌ಐ ವರದಿಯಲ್ಲಿ ‘ಭಾಗಶಃ ಹರಿದಿದೆ’ ಎಂದು ಕಂಡ ದಿನದಿಂದ ಆ ಕೈಗೆ ಕೆಲಸ ಕೊಡುವುದನ್ನೇ ಬಿಟ್ಟಿದ್ದೀ. ಈ ಕೊನೆಯ ಎರಡಕ್ಕೂ ನನ್ನ ತಕರಾರಿದೆ.

ನೋಯುವ ಜಾಗ ಒಂದು, ಕೆಟ್ಟಿರುವ ಜಾಗ ಇನ್ನೊಂದು. ಭುಜದ ಕೀಲಿಗೂ ರಟ್ಟೆಯ ಹೊರಮೈಗೂ ಕತ್ತಿನ ಒಂದೇ ಮಟ್ಟದಿಂದ ಹೊರಡುವ ನರ ಸುದ್ದಿ ಒಯ್ಯುತ್ತದೆ. ಹಾಗಾಗಿ ಭುಜದೊಳಗೆ ಏನಾದರೂ ಕೆರಳಿದರೆ ಮಿದುಳಿಗೆ ಅದು ರಟ್ಟೆಯ ನಡುಭಾಗದಲ್ಲಿ ಕೇಳಿಸುತ್ತದೆ. ಅಲ್ಲಿ ಎಷ್ಟು ತಿಕ್ಕಿದರೂ ಒಂದು ಗಳಿಗೆ ಹಾಯೆನಿಸೀತು, ಅಷ್ಟೇ.

ಇನ್ನು ಆ ವರದಿ. ತೋಳಿನ ಮೂಳೆಯ ದುಂಡು ತಲೆಯನ್ನು ಅದರ ಚಿಕ್ಕ ಬಟ್ಟಲಿನಲ್ಲಿ ಹಿಡಿದಿಡಲು ನಾಲ್ಕು ಸ್ನಾಯುಗಳಿವೆ. ಅವನ್ನು ಮೂಳೆಗೆ ಕಟ್ಟಿಡುವ ಸ್ನಾಯುರಜ್ಜುಗಳು ಸೇರಿ ತಲೆಗೆ ಕವಚದ ಹಾಗೆ ಸುತ್ತಿಕೊಂಡಿರುತ್ತವೆ. ರೊಟೇಟರ್ ಕಫ್ ಎನ್ನುವುದು ಇದನ್ನೇ. ವಯಸ್ಸಾದಂತೆ ಈ ರಜ್ಜುಗಳ ಅಂಚು ಸವೆಯುವುದು, ಅಲ್ಲಲ್ಲಿ ಸೀಳುವುದು ಸಾಮಾನ್ಯ. ಭುಜ ಒಂದು ದಿನವೂ ನೋಯದವರನ್ನು ಯಂತ್ರದೊಳಗೆ ಮಲಗಿಸಿದರೂ ಎಷ್ಟೋ ಜನರಲ್ಲಿ ಇಂಥ ಹರಕು ಕಾಣುತ್ತದೆ. ಬಿದ್ದೋ ಭಾರ ಜಗ್ಗಿಯೋ ಒಮ್ಮೆಲೇ ಕೈ ಎತ್ತಲಾಗದೆ ಹೋದರೆ ಆ ಮಾತು ಬೇರೆ. ಅದನ್ನು ವಾರಗಟ್ಟಲೆ ತಡಮಾಡದೆ ಮೂಳೆ ತಜ್ಞರಿಗೆ ತೋರಿಸಬೇಕು. ನಿನ್ನದು ಹಾಗೆ ಬಂದದ್ದಲ್ಲ. ಆ ಕಾಗದ ನೋಡಿ ಕೈ ಕಟ್ಟಿ ಕೂತರೆ ನಾಲ್ಕಾರು ವಾರದಲ್ಲಿ ಸ್ನಾಯು ಸೊರಗುತ್ತದೆ, ಕೀಲು ಬಿಗಿಯುತ್ತದೆ. ಆಮೇಲೆ ಮೂಲ ನೋವು ಯಾವುದು, ಕೂತು ತರಿಸಿಕೊಂಡ ನೋವು ಯಾವುದು ಎಂದು ಬಿಡಿಸುವುದೇ ಕಷ್ಟ.

ಮುಂದಿನದನ್ನು ಓದುವ ಮೊದಲು ಇವು ಇಲ್ಲವೆಂದು ಖಾತ್ರಿ ಮಾಡಿಕೋ. ಎದೆ ಬಿಗಿತ, ಬೆವರು, ಉಸಿರುಕಟ್ಟುವಿಕೆ ಜೊತೆಗಿರುವ ತೋಳು ನೋವು ಹೃದಯದ್ದಿರಬಹುದು. ತಕ್ಷಣ ತುರ್ತು ಚಿಕಿತ್ಸೆಗೆ ಹೋಗಬೇಕು. ಜ್ವರದೊಂದಿಗೆ ಕೀಲು ಬಿಸಿಯಾಗಿ ಊದಿದರೆ ಅದೇ ದಿನ ವೈದ್ಯರನ್ನು ಕಾಣು. ಕಾರಣವಿಲ್ಲದೆ ತೂಕ ಇಳಿಯುವುದು, ಭುಜದಲ್ಲಿ ಗಂಟು, ಯಾವ ಭಂಗಿಯಲ್ಲೂ ಬಿಡದೆ ದಿನೇದಿನೇ ಏರುವ ನೋವು, ಕೈಯ ಬಲವೇ ಇಳಿಯುತ್ತಿರುವುದು ಇವಿದ್ದರೂ ಮನೆಮದ್ದಿನಲ್ಲಿ ಕಾಲ ಕಳೆಯಬೇಡ. ಐವತ್ತು ದಾಟಿದವರಿಗೆ ಎರಡೂ ಭುಜ ಒಟ್ಟಿಗೆ ನೋಯತೊಡಗಿ ಬೆಳಗ್ಗೆ ಮುಕ್ಕಾಲು ಗಂಟೆಗಿಂತ ಹೆಚ್ಚು ಬಿಗಿತ ಇದ್ದರೆ ಅದಕ್ಕೆ ರಕ್ತಪರೀಕ್ಷೆ ಬೇಕು. ನಿನಗೆ ಇನ್ನೂ 48.

ಈಗ ಕನ್ನಡಿಯ ಮುಂದೆ ನಿಲ್ಲು. ಎರಡೂ ಮೊಣಕೈಗಳನ್ನು ಪಕ್ಕೆಗೆ ಅಂಟಿಸಿ, ತೊಂಬತ್ತು ಡಿಗ್ರಿ ಮಡಚಿ, ಮುಂಗೈಗಳನ್ನು ಎದುರಿಗೆ ಚಾಚು. ಮೊಣಕೈ ಪಕ್ಕೆ ಬಿಡದ ಹಾಗೆ ಎರಡೂ ಅಂಗೈಗಳನ್ನು ಬಾಗಿಲು ತೆರೆದಂತೆ ಹೊರಕ್ಕೆ ತೆರೆ. ಎಡಗೈ ಎಷ್ಟು ಹೋಯಿತು, ಬಲಗೈ ಎಷ್ಟು ಹೋಯಿತು ನೋಡು. ಬಲಗೈ ನಡುವೆ ನಿಂತರೆ ಮನೆಯವರಿಗೆ ಹೇಳಿ ಮೆಲ್ಲಗೆ ಇನ್ನಷ್ಟು ಹೊರಕ್ಕೆ ತಳ್ಳಿಸು. ತಳ್ಳಿದರೂ ಗೋಡೆಗೆ ತಾಗಿದ ಹಾಗೆ ನಿಂತುಬಿಟ್ಟರೆ ಕೀಲಿನ ಸುತ್ತಲ ಚೀಲವೇ ಕುಗ್ಗಿ ದಪ್ಪವಾಗಿದೆ ಎನ್ನಬಹುದು. ಅದು ಫ್ರೋಜನ್ ಶೋಲ್ಡರ್. ಕೀಲು ಸವೆದಿದ್ದರೂ ಹೀಗೇ ಆಗುವುದರಿಂದ ಒಂದು ಎಕ್ಸ್‌ರೇ ಇರಲಿ. ತಳ್ಳಿದಾಗ ಪೂರ್ತಿ ಹೋಗುತ್ತದೆ, ನೀನಾಗಿ ಕೈಯನ್ನು ಪಕ್ಕಕ್ಕೆ ಎತ್ತುವಾಗ 60ರಿಂದ 120 ಡಿಗ್ರಿ ನಡುವೆ ಮಾತ್ರ ಚುಚ್ಚಿ ಅದರಾಚೆ ಸಲೀಸು ಎನ್ನುವಂತಿದ್ದರೆ, ದೂರು ರಜ್ಜುಗಳದ್ದು. ನೋವು ಮೊಣಕೈ ದಾಟಿ ಇಳಿದು ಬೆರಳು ಜೋಮು ಹಿಡಿಯುತ್ತದೆ, ತಲೆಯನ್ನು ಹಿಂದಕ್ಕೆ ವಾಲಿಸಿ ಆ ಕಡೆ ತಿರುಗಿಸಿದರೆ ಹೆಚ್ಚುತ್ತದೆ, ಕೈಯನ್ನು ತಲೆಯ ಮೇಲಿಟ್ಟುಕೊಂಡರೆ ಹಗುರಾಗುತ್ತದೆ ಎಂದಾದರೆ ಕತ್ತಿನ ನರ ನೋಡಿಸಬೇಕು. ಭುಜಕ್ಕೆ ಮಾಡುವ ಯಾವುದೂ ಅದಕ್ಕೆ ನಾಟುವುದಿಲ್ಲ.

ಯಾವುದಿದ್ದರೂ ಮೊದಲು ನಿದ್ದೆ ಸರಿಯಾಗಲಿ. ಅಂಗಾತ ಮಲಗಿದರೆ ಮೊಣಕೈ ಹಾಸಿಗೆಗೆ ಇಳಿದು ಭುಜ ಹಿಂದಕ್ಕೆ ಜಗ್ಗುತ್ತದೆ, ಎಚ್ಚರವಾಗುವುದು ಅದಕ್ಕೇ. ಮೊಣಕೈ ಕೆಳಗೆ ಮಡಚಿದ ಟವೆಲ್ಲೋ ಸಣ್ಣ ದಿಂಬೋ ಇಟ್ಟು, ತೋಳು ಎದೆಯ ಮಟ್ಟಕ್ಕಿಂತ ಸ್ವಲ್ಪ ಮುಂದಿರುವಂತೆ ನೋಡಿಕೋ. ಎಡ ಮಗ್ಗುಲಿಗೆ ಮಲಗುವುದಾದರೆ ಎದುರಿಗೆ ದಪ್ಪ ದಿಂಬಿಟ್ಟು ಬಲಗೈಯನ್ನು ಅದರ ಮೇಲೆ ಪೂರ್ತಿ ಒರಗಿಸು. ದಿಂಬು ತೆಳ್ಳಗಿದ್ದರೆ ಕೈ ಎದೆಯಾಚೆ ಜೋತುಬಿದ್ದು ಮತ್ತೆ ಎಳೆಯುತ್ತದೆ.

ಹಗಲಿನಲ್ಲಿ ಒಂದೇ ಲೆಕ್ಕ: ಭಾರ ಮೈಯಿಂದ ದೂರ ಹೋದಷ್ಟೂ ಭುಜಕ್ಕೆ ಹೆಚ್ಚು. ಎರಡು ಕಿಲೋ ಸಾಮಾನನ್ನು ಭುಜದಿಂದ 15 ಸೆಂಟಿಮೀಟರ್ ಮುಂದೆ ಹಿಡಿಯುವುದಕ್ಕೂ ಕೈ ಚಾಚಿ 60ರಲ್ಲಿ ಹಿಡಿಯುವುದಕ್ಕೂ ನಾಲ್ಕು ಪಟ್ಟು ವ್ಯತ್ಯಾಸ. ಎತ್ತರದ ಕಪಾಟಿಗೆ ಕೈ ಚಾಚುವ ಬದಲು ಗಟ್ಟಿ ಸ್ಟೂಲು ಹತ್ತು. ಮೌಸು ಕೀಬೋರ್ಡಿನ ಪಕ್ಕಕ್ಕೇ ಬರಲಿ, ಮುಂಗೈಗೆ ಮೇಜಿನ ಆಸರೆ ಇರಲಿ. ಕಾರಿನಲ್ಲಿ ಮುಂದೆ ಕೂತು ಹಿಂದಿನ ಸೀಟಿನ ಚೀಲ ಎಳೆಯುವ ಚಾಳಿ ಯಾರಿಗೇ ಇದ್ದರೂ ಬಿಡಬೇಕು. ಭುಜಕ್ಕೆ ಅದಕ್ಕಿಂತ ಕೆಟ್ಟ ತಿರುವು ಇನ್ನೊಂದಿಲ್ಲ. ಅಂಗಿ ತೊಡುವಾಗ ನೋಯುವ ಕೈ ಮೊದಲು, ಕಳಚುವಾಗ ಅದು ಕೊನೆಗೆ. ಕೈಯನ್ನು ಕತ್ತಿಗೆ ನೇತುಹಾಕುವ ಜೋಳಿಗೆ ಪಟ್ಟಿ ಕಟ್ಟಿಕೊಂಡು ತಿರುಗಬೇಡ.

ವ್ಯಾಯಾಮದ ವಿಷಯಕ್ಕೆ ಬರುತ್ತೇನೆ. ಎಲ್ಲಕ್ಕೂ ಒಂದೇ ಅಳತೆಗೋಲು: ನಾಳೆಯ ಬೆಳಗು. ಸೊನ್ನೆಯಿಂದ ಹತ್ತರ ಲೆಕ್ಕದಲ್ಲಿ ಮಾಡುವಾಗ ನೋವು ನಾಲ್ಕರವರೆಗೆ ಏರಿದರೆ ಹೆದರಬೇಡ. ಮರುದಿನ ಎದ್ದಾಗ ಎಂದಿನ ಮಟ್ಟಕ್ಕೆ ಇಳಿದಿರಬೇಕು. ಇಳಿಯದಿದ್ದರೆ ಮಾಡಿದ್ದು ಜಾಸ್ತಿಯಾಯಿತು. ಮರುಸಲಕ್ಕೆ ಎಣಿಕೆ ಅರ್ಧ ಮಾಡು, ನಿಲ್ಲಿಸಬೇಡ. ಚೆನ್ನಾಗಿದ್ದ ದಿನ ಮೂರು ದಿನದ್ದನ್ನು ಒಟ್ಟಿಗೆ ಮಾಡಿ, ನಾಲ್ಕು ದಿನ ನರಳಿ, ‘ವ್ಯಾಯಾಮ ನನಗೆ ಆಗಿಬರುವುದಿಲ್ಲ’ ಎನ್ನುವವರೇ ಹೆಚ್ಚು.

ನೋವು ಜೋರಾಗಿರುವ ದಿನಗಳಿಗೆ ಲೋಲಕದಾಟ. ಎಡಗೈಯನ್ನು ಮೇಜಿನ ಮೇಲೂರಿ ಮುಂದಕ್ಕೆ ಬಾಗಿ ಬಲಗೈಯನ್ನು ಹಗ್ಗದ ಹಾಗೆ ಇಳಿಬಿಡು. ಸೊಂಟವನ್ನು ಹಿಂದೆಮುಂದೆ, ಆಮೇಲೆ ಅಕ್ಕಪಕ್ಕ ತೂಗು. ಕೈ ತಾನಾಗಿ ಓಲಾಡಲಿ. ಒಂದರಿಂದ ಎರಡು ನಿಮಿಷ, ದಿನಕ್ಕೆ ಮೂರು ಸಲ. ಭುಜದ ಬಲದಿಂದ ಕೈ ಬೀಸಿದರೆ ಅದರ ಉಪಯೋಗವೇ ಹೋಯಿತು. ಇದಕ್ಕೆ ಕಾಡ್‌ಮನ್ ಎಂಬ ಅಮೆರಿಕದ ಶಸ್ತ್ರವೈದ್ಯನ ಹೆಸರು ಅಂಟಿಕೊಂಡಿದೆ. 1934ರಲ್ಲಿ ಫ್ರೋಜನ್ ಶೋಲ್ಡರ್ ಎಂಬ ಹೆಸರು ಕೊಟ್ಟವನೂ ಅವನೇ.

ರಜ್ಜುಗಳಿಗೆ ಮಾತ್ರ ಓಲಾಟ ಸಾಲದು, ಅವಕ್ಕೆ ಭಾರ ಬೇಕು. ಮೊದಲೆರಡು ವಾರ ಅಲುಗದ ಭಾರ: ಬಲ ಮಗ್ಗುಲನ್ನು ಗೋಡೆಗೆ ಕೊಟ್ಟು ನಿಲ್ಲು, ಮೊಣಕೈ ಮಡಚಿ ಪಕ್ಕೆಗೂ ಅದಕ್ಕೂ ನಡುವೆ ಮಡಚಿದ ಟವೆಲ್ ಇಡು, ಮುಷ್ಟಿಯ ಹಿಂಬದಿಯಿಂದ ಗೋಡೆಯನ್ನು ಹೊರಕ್ಕೆ ಒತ್ತು. ಶಕ್ತಿಯ ಮೂರನೆಯ ಒಂದು ಪಾಲು ಸಾಕು. ಹತ್ತು ಸೆಕೆಂಡು ಒತ್ತಿ ಬಿಡು, ಐದು ಸಲ, ದಿನಕ್ಕೆ ಎರಡು ಹೊತ್ತು. ಟವೆಲ್ ಜಾರಿ ಬಿದ್ದರೆ ಮೊಣಕೈ ಪಕ್ಕೆ ಬಿಟ್ಟಿತೆಂದು ಗೊತ್ತಾಗುತ್ತದೆ. ಆಮೇಲೆ ಎಲಾಸ್ಟಿಕ್ ಬ್ಯಾಂಡನ್ನು ಬಾಗಿಲ ಹಿಡಿಗೆ ಕಟ್ಟಿ, ಬಾಗಿಲು ಎಡ ಮಗ್ಗುಲಿಗೆ ಬರುವಂತೆ ನಿಂತು, ಮೊಣಕೈ ಮೊದಲಿನಂತೆಯೇ ಟವೆಲ್ಲಿಗೆ ಒತ್ತಿಟ್ಟು ಎರಡು ಎಣಿಸುತ್ತ ಹೊರಕ್ಕೆ ಎಳೆದು ಮೂರು ಎಣಿಸುತ್ತ ವಾಪಸು ಬಿಡು. ಹತ್ತು ಸಲದ್ದು ಒಂದು ಸುತ್ತು, ಹಾಗೆ ಮೂರು ಸುತ್ತು, ದಿನ ಬಿಟ್ಟು ದಿನ. ಹದಿನೈದು ಸಲ ಸುಲಭವಾಗುತ್ತಿದ್ದಂತೆ ಗಟ್ಟಿ ಬ್ಯಾಂಡಿಗೆ ಹೋಗು. ನಾಲ್ಕನೆಯ ವಾರದ ಹೊತ್ತಿಗೆ ಅರ್ಧ ಕಿಲೋ ಹಿಡಿದು, ಹೆಬ್ಬೆರಳು ಮೇಲಾಗಿ, ಕೈಯನ್ನು ಭುಜದ ಎತ್ತರದವರೆಗೆ ಓರೆಯಾಗಿ ಎತ್ತುವುದನ್ನು ಸೇರಿಸು. ಎತ್ತುವಾಗ ಹೆಗಲು ಕಿವಿಯತ್ತ ಏರುತ್ತದೆಯೇ ಕನ್ನಡಿಯಲ್ಲಿ ನೋಡು. ಏರಿದರೆ ಭಾರ ಹೆಚ್ಚಾಯಿತು. ಕೆಲಸ ಕತ್ತಿನ ಸ್ನಾಯು ಮಾಡುತ್ತಿದೆ, ಸಂಜೆಗೆ ಕತ್ತು ನೋಯುವುದು ಅದರಿಂದಲೇ. ಹನ್ನೆರಡು ವಾರ ಪೂರ್ತಿ ಮಾಡಿದ ಮೇಲೆ ಫಲ ಬಂತೋ ಇಲ್ಲವೋ ಎಂದು ಮಾತಾಡೋಣ. ರಜ್ಜಿಗೆ ರಕ್ತದ ಹರಿವು ಕಡಿಮೆ, ಅದು ಸ್ನಾಯುವಿನ ಹಾಗೆ ಬೇಗ ಬಲಿಯುವುದಿಲ್ಲ.

ನಿನ್ನದು ಫ್ರೋಜನ್ ಶೋಲ್ಡರ್ ಎಂದಾದರೆ (ಬೆನ್ನ ಹಿಂದೆ ಕೈ ಹೋಗದಿರುವುದು ಆ ಕಡೆಗೇ ಬೆರಳು ತೋರಿಸುತ್ತದೆ, ಆದರೆ ಅದೊಂದೇ ಸಾಕ್ಷಿ ಸಾಲದು) ದಾರಿ ಸ್ವಲ್ಪ ಬೇರೆ. ಮೊದಲ ತಿಂಗಳುಗಳಲ್ಲಿ ನೋವು ಮುಂದು, ನಂತರ ನೋವು ಇಳಿದು ಬಿಗಿತ ಉಳಿಯುತ್ತದೆ, ಕೊನೆಗೆ ನಿಧಾನಕ್ಕೆ ಸಡಿಲ. ಇಡೀ ಸುತ್ತು ಒಂದರಿಂದ ಮೂರು ವರ್ಷ ಹಿಡಿಯಬಹುದು. ಹೆಚ್ಚಾಗಿ 40ರಿಂದ 60ರ ಒಳಗಿನವರಿಗೆ, ಅದರಲ್ಲೂ ಸಕ್ಕರೆ ಕಾಯಿಲೆ, ಥೈರಾಯ್ಡ್ ತೊಂದರೆ ಇರುವವರಿಗೆ ಬರುತ್ತದೆ; ಇವೆರಡರ ರಕ್ತಪರೀಕ್ಷೆ ಮಾಡಿಸಿರದಿದ್ದರೆ ಮಾಡಿಸು. ನೋವಿನ ಹಂತದಲ್ಲಿ ಯಾರಾದರೂ ಕೈಯನ್ನು ಬಲವಂತವಾಗಿ ಎಳೆದು ಸಡಿಲಿಸುತ್ತೇನೆ ಎಂದರೆ ಒಪ್ಪಬೇಡ. ಕೆರಳಿದ ಚೀಲ ಇನ್ನಷ್ಟು ಕೆರಳುತ್ತದೆ. ಬಿಗಿತದ ಹಂತದಲ್ಲಿ ಕೋಲಿನ ಸಹಾಯ ತೆಗೆದುಕೋ: ಅಂಗಾತ ಮಲಗಿ, ಮೊಣಕೈ ಕೆಳಗೆ ಟವೆಲ್ ಇಟ್ಟು, ಎರಡೂ ಕೈಯಲ್ಲಿ ಕೋಲು ಹಿಡಿದು, ಒಳ್ಳೆಯ ಕೈಯಿಂದ ನೋಯುವ ಕೈಯನ್ನು ಹೊರಕ್ಕೆ ತಳ್ಳಿ 20–30 ಸೆಕೆಂಡು ನಿಲ್ಲಿಸು. ಐದು ಸಲ, ದಿನಕ್ಕೆ ಎರಡು ಹೊತ್ತು, ಬಿಸಿನೀರ ಸ್ನಾನದ ನಂತರವಾದರೆ ಒಳ್ಳೆಯದು. ಗೋಡೆಯ ಮೇಲೆ ಬೆರಳುಗಳನ್ನು ನಡೆಸುತ್ತ ಕೈ ಮೇಲಕ್ಕೆ ಒಯ್ಯುವುದನ್ನೂ ಜೊತೆಗೆ ಮಾಡು.

ಶಾಖವೋ ಮಂಜೋ ಎಂದು ಕೇಳಿದ್ದೀ. ಯಾವುದು ಹಾಯೆನಿಸುತ್ತದೋ ಅದು, ಬಟ್ಟೆ ಸುತ್ತಿ, ಹತ್ತು ಹದಿನೈದು ನಿಮಿಷ. ರೋಗಕ್ಕೆ ಎರಡೂ ಅಷ್ಟಕ್ಕಷ್ಟೇ.

ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ವಯಸ್ಕರಿಗೆ ದಿನವೊಂದಕ್ಕೆ 4 ಗ್ರಾಂ ದಾಟಕೂಡದು. ಯಕೃತ್ತಿನ ತೊಂದರೆ ಇದ್ದವರಿಗೆ, ಮೈತೂಕ ಕಡಿಮೆ ಇದ್ದವರಿಗೆ ಮಿತಿ ಇನ್ನೂ ಕಡಿಮೆ. ಶೀತದ ಮಾತ್ರೆಯೊಳಗೂ ಅದು ಇರುತ್ತದೆ, ಲೆಕ್ಕ ತಪ್ಪುವುದು ಅಲ್ಲೇ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಗುಂಪಿನವು ಹೊಟ್ಟೆಹುಣ್ಣು, ಮೂತ್ರಪಿಂಡ ಅಥವಾ ಹೃದಯದ ತೊಂದರೆ, ರಕ್ತ ತೆಳುಮಾಡುವ ಔಷಧಿ ಇರುವವರಿಗೆ ಅಪಾಯ. ನೀನು ತೆಗೆದುಕೊಳ್ಳುವ ಎಲ್ಲವನ್ನೂ ವೈದ್ಯರಿಗೆ ಹೇಳಿಯೇ ಕೇಳು.

ಸ್ಟಿರಾಯ್ಡ್ ಇಂಜೆಕ್ಷನ್ ಎಂದರೆ ಬೆಚ್ಚಬೇಡ, ಅದಕ್ಕಾಗಿ ಓಡಲೂ ಬೇಡ. ನಿದ್ದೆಗೆಡಿಸುವ ನೋವನ್ನು ಕೆಲವು ವಾರ ತಗ್ಗಿಸುತ್ತದೆ. ಆ ವಾರಗಳಲ್ಲಿ ವ್ಯಾಯಾಮ ನಡೆಯದಿದ್ದರೆ ನೋವು ಹೊರಳಿ ಬರುವುದೇ ಹೆಚ್ಚು. ಫ್ರೋಜನ್ ಶೋಲ್ಡರಿಗೆ ಆರಂಭದ ತಿಂಗಳುಗಳಲ್ಲೇ ಕೊಟ್ಟರೆ ಗುಣ ಚೆನ್ನ. ಸಕ್ಕರೆ ಕಾಯಿಲೆ ಇದ್ದರೆ ಚುಚ್ಚಿದ ಮೇಲೆ ಕೆಲವು ದಿನ ಸಕ್ಕರೆ ಏರುತ್ತದೆ, ದಿನಾ ಅಳೆಯಬೇಕು. ಪದೇ ಪದೇ ಚುಚ್ಚಿಸಿದರೆ ರಜ್ಜು ಬಲಗುಂದುತ್ತದೆ.

ಭುಜದ ಮೂಳೆ ಕೆರೆದು ರಜ್ಜುಗಳಿಗೆ ಜಾಗ ಮಾಡುವ ದುರ್ಬೀನು ಶಸ್ತ್ರಚಿಕಿತ್ಸೆಯ ಮಾತು ಬಂದರೆ ಇದು ತಿಳಿದಿರಲಿ: ಬ್ರಿಟನ್ನಿನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಒಂದು ಗುಂಪಿಗೆ ಮೂಳೆ ಕೆರೆದರು, ಇನ್ನೊಂದಕ್ಕೆ ದುರ್ಬೀನು ತೂರಿಸಿ ನೋಡಿ ಏನೂ ಮಾಡದೆ ಹೊಲಿದರು. ಎರಡೂ ಗುಂಪಿನವರು ಒಂದೇ ಹಾಗೆ ಸುಧಾರಿಸಿದರು. ಆದ್ದರಿಂದ ಯಾವ ಶಸ್ತ್ರಚಿಕಿತ್ಸೆ, ಏತಕ್ಕೆ, ಮಾಡಿಸದಿದ್ದರೆ ಏನಾಗುತ್ತದೆ ಎಂದು ಕೇಳಿ ಉತ್ತರ ಬರೆದುಕೋ.

ಒಬ್ಬ ಫಿಸಿಯೋಥೆರಪಿಸ್ಟ್ ಹತ್ತಿರ ಒಮ್ಮೆ ಇವೆಲ್ಲ ಮಾಡಿ ತೋರಿಸು. ತಪ್ಪು ಭಂಗಿ ಅವರ ಕಣ್ಣಿಗೆ ಬೇಗ ಬೀಳುತ್ತದೆ. ಬರೀ ಯಂತ್ರದ ಕೆಳಗೆ ಮಲಗಿಸಿ ಕಳಿಸುವವರಾದರೆ ಬೇರೆಯವರನ್ನು ನೋಡು.

ಇವತ್ತೇ ಗೋಡೆಯ ಮೇಲೆ ಬಲಗೈ ಮಧ್ಯದ ಬೆರಳು ಎಲ್ಲಿಯವರೆಗೆ ಏರಿತೆಂದು ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಕು ಹಾಕು. ಪ್ರತಿ ಭಾನುವಾರ ಹೊಸ ಗೆರೆ. ನಡುವೆ ಅಳೆಯಬೇಡ, ದಿನದ ಏರಿಳಿತ ತಲೆಕೆಡಿಸುತ್ತದೆ. ಕನ್ನಡಿ ಮುಂದೆ ಮಾಡಿದ ಪರೀಕ್ಷೆಯಲ್ಲಿ ಕೈ ಎಲ್ಲಿ ನಿಂತಿತು, ತಳ್ಳಿದಾಗ ಹೋಯಿತೋ ಇಲ್ಲವೋ, ಅಷ್ಟನ್ನು ಮಾತ್ರ ಈ ವಾರವೇ ಬರೆದು ತಿಳಿಸು.

ಇಂತಿ ನಿನ್ನ,
ದೊಡ್ಡಮ್ಮ