ಅಕ್ಕ ಎರಡು ಒತ್ತಿದಳು

ಲೇ ದೋಸ್ತ,

ಫೋನ್ ಮಾಡಿಯೇ ಹೇಳಬಹುದಿತ್ತು. ಫೋನಲ್ಲಿ ನೀನು ನನಗೆ ಬಾಯಿ ತೆರೆಯೋಕೆ ಬಿಡೋದಿಲ್ಲ, ಅದಕ್ಕೇ ಹೀಗೆ ಎಲ್ಲರ ಮುಂದೆ ಪತ್ರ. ಓದುತ್ತಿರುವ ಉಳಿದವರು ದುರ್ಯೋಧನನ ಚಪ್ಪಲಿ ಬಗ್ಗೆ ಕೇಳಬಾರದು. ನೀನೂ ಹೇಳಬಾರದು.

ಬಳ್ಳಾರಿಯಲ್ಲಿ ನಾಟಕ ಆಯ್ತು. ಈ ಸೆಕೆಯಲ್ಲೂ ಜನ ಬಂದರು ಮಾರಾಯ. ಕಥೆ ನಿನಗೆ ಗೊತ್ತು: ಅಪ್ಪನ ಹೊಲದಲ್ಲಿ ನನಗೆ ಪಾಲು ಬೇಡ ಅಂತ ಅಕ್ಕ ತಮ್ಮನಿಗೆ ಸಹಿ ಹಾಕಿ ಕೊಡಬೇಕೋ ಬೇಡವೋ. ಮಗಳಿಗೂ ಸಮಪಾಲು ಅಂತ 1994ರಲ್ಲಿ ನಮ್ಮ ರಾಜ್ಯ, 2005ರಲ್ಲಿ ಇಡೀ ದೇಶ ಕಾನೂನು ಮಾಡಿದ್ದನ್ನು ವಕೀಲನ ಪಾತ್ರದ ಬಾಯಲ್ಲಿ ಹೇಳಿಸಿದ್ದೆ. ರಂಗನಟ ಬಳ್ಳಾರಿ ರಾಘವರೂ ವಕೀಲರೇ ಆಗಿದ್ದರಲ್ವಾ, ಊರಿನ ಮರ್ಯಾದೆ ಉಳಿಯಲಿ ಅಂತ.

ಕೊನೆಯ ದೃಶ್ಯಕ್ಕೆ ಮೊದಲು ನಾಟಕ ನಿಲ್ಲುತ್ತೆ. ಪರದೆ ಮೇಲೆ ಕ್ಯೂಆರ್ ಕೋಡ್. ಸಹಿ ಹಾಕಲಿ ಅಂದರೆ ಒಂದು, ಬೇಡ ಅಂದರೆ ಎರಡು. ಒಂದೇ ಹಾಲಲ್ಲಿ ಅಷ್ಟು ಫೋನು ಒಟ್ಟಿಗೆ ನೆಟ್ ಎಳೆದರೆ ಟವರ್ ಕೈಕೊಡಬಹುದು, ಮನೆಯ ರೌಟರ್ ಒಂದೇ ಇಟ್ಟರೆ ಅದೂ ಸುಸ್ತು. ಅದಕ್ಕೇ ಮೂರು ರೌಟರ್ ಕಟ್ಟಿ, ನನ್ನ ಲ್ಯಾಪ್‌ಟಾಪನ್ನೇ ಸರ್ವರ್ ಮಾಡಿದೆ. ಇಂಟರ್ನೆಟ್ಟೇ ಬೇಡ. ಸೈಡ್‌ವಿಂಗ್‌ನಿಂದ ನೋಡಿದರೆ ಕತ್ತಲಲ್ಲಿ ಬರೀ ಮುಖಗಳು, ಗಲ್ಲದ ಕೆಳಗಿಂದ ನೀಲಿ ಬೆಳಕು. ಎಲ್ಲರೂ ತಲೆ ತಗ್ಗಿಸಿದ್ದರು. ವೇದಿಕೆ ಮೇಲಿದ್ದ ಹುಡುಗಿ ಕಡೆ ಒಬ್ಬರೂ ನೋಡಲಿಲ್ಲ.

ಇದೇನೋ ಹೊಸದು ಅಂತ ಮೈಕಲ್ಲಿ ಕೊಚ್ಚಿಕೊಂಡಿದ್ದೆ. ಎಂಥಾ ಹೊಸದು? ನಮ್ಮ ಕಡೆ ಪ್ರೇಕ್ಷಕ ಸುಮ್ನೆ ಕೂತದ್ದು ಯಾವಾಗ? ಆಹೇರಿ ಅಂತ ನಟರಿಗೆ ಉಡುಗೊರೆ ಕೊಟ್ಟವರ ಹೆಸರು ಕೂಗಿ ಮುಗಿಸೋವರೆಗೂ ಭೀಮ ಗದೆ ಎತ್ತಿಕೊಂಡೇ ನಿಂತಿರಬೇಕು. 'ಒನ್ಸ್ ಮೋರ್' ಅಂದರೆ ಸತ್ತವನೂ ಎದ್ದು ಹಾಡಬೇಕು. ತೊಗಲುಗೊಂಬೆ ಆಟದ ಕೋಡಂಗಿ ಕಿಳ್ಳೇಕ್ಯಾತ ಅಂತೂ ಮುಂದೆ ಕೂತವರನ್ನೇ ಹಿಡಿದು ಗೇಲಿ ಮಾಡ್ತಾನೆ. ಚಾರ್ಜರ್ ಬೇಕಿಲ್ಲ.

1967ರಲ್ಲಿ ಮಾಂಟ್ರಿಯಲ್ಲಿನ ಎಕ್ಸ್‌ಪೋದಲ್ಲಿ ಜೆಕ್‌ನವರು ಕಿನೋ-ಆಟೋಮ್ಯಾಟ್ ಅಂತ ಒಂದು ಸಿನಿಮಾ ತೋರಿಸಿದ್ದರು. ಸೀಟಿಗೆ ಕೆಂಪು, ಹಸಿರು ಬಟನ್. ಜನ ಯಾವುದನ್ನೇ ಒತ್ತಲಿ, ಕೊನೆಗೆ ಮನೆಗೆ ಬೆಂಕಿ ಬೀಳೋದು ತಪ್ಪಲ್ಲ. ಅದನ್ನು ಓದಿದಾಗ ನಾವಿಬ್ಬರೂ ಎಷ್ಟು ನಕ್ಕಿದ್ವಿ, ಎಂಥಾ ಮೋಸ ಅಂತ.

ಈಗ ಕೇಳು. ನಮ್ಮ ಲೆಕ್ಕ ಬಂತು. ಸಹಿ ಹಾಕಲಿ, 58. ಬೇಡ, 41. ನಾನು ಎರಡು ಪಟ್ಟಿಗಳ ಹೆಸರು ಅದಲುಬದಲು ಮಾಡಿ ಪರದೆಗೆ ಬಿಟ್ಟೆ. ನಾಲ್ಕು ಸೆಕೆಂಡಿನ ಕೆಲಸ. 'ಬೇಡ' ಗೆದ್ದಿತು, ಚಪ್ಪಾಳೆ ಬಿತ್ತು. 'ಹಾಕಲಿ' ಅಂದವರೇ ಜಾಸ್ತಿ ತಟ್ಟಿದರೇನೋ. ನಾಟಕ ಕೆಡಬಾರದು ಅಂತ ಹಾಗೆ ಮಾಡಿದೆ ಅಂತ ಹುಡುಗರಿಗೂ ಹೇಳಿಲ್ಲ, ನಿನಗೂ ಹೇಳೋದು ಬೇಡ ಅಂದ್ಕೊಂಡಿದ್ದೆ.

ಎರಡನೇ ಸಾಲಲ್ಲಿ ನನ್ನ ಅಕ್ಕ ಕೂತಿದ್ದಳು. ನಾಲ್ಕು ವರ್ಷದ ಹಿಂದೆ ಉಪನೋಂದಣಿ ಕಚೇರಿಗೆ ಅವಳನ್ನು ಬೈಕಲ್ಲಿ ಕರ್ಕೊಂಡು ಹೋಗಿದ್ದು ನಾನೇ. 'ಎಲ್ಲಿ ಹಾಕಬೇಕು ತೋರ್ಸಪ್ಪ' ಅಂದಳು, ಬೆರಳಿಟ್ಟು ತೋರಿಸಿದೆ. ಬರುವಾಗ ಇಬ್ಬರೂ ಮಿರ್ಚಿ ತಿಂದ್ವಿ. ಇದು ನಿನಗೂ ಗೊತ್ತಿರಲಿಲ್ಲ, ಅಲ್ವಾ?

ನಾಟಕ ಮುಗಿದ ಮೇಲೆ ಬಂದಳು. ಕೈಯಲ್ಲಿ ಅದೇ ಕೀಪ್ಯಾಡ್ ಫೋನು. ಐದನೇ ನಂಬರಿನ ಗುಂಡಿ ಸವೆದು ಬೆಳ್ಳಗಾಗಿದೆ.

'ನಾ ಎರಡು ಒತ್ತೀನಿ ನೋಡಪ್ಪ. ಹೋಯ್ತೇನು?'

'ಹೋಯ್ತಕ್ಕ' ಅಂದೆ.

ಸಾಕು ಬಿಡು, ಜಾಸ್ತಿ ಆಯ್ತು. ಮುಂದಿನ ಪ್ರಯೋಗ ಕೊಪ್ಪಳದಲ್ಲಿ. ನೀನು ಬಂದರೆ ಲ್ಯಾಪ್‌ಟಾಪ್ ಮುಂದೆ ನೀನೇ ಕೂರು, ನಾನು ಗೇಟಲ್ಲಿ ಟಿಕೆಟ್ ಹರೀತೀನಿ. ಅಲ್ಲೂ ಲೆಕ್ಕ ತಪ್ಪಿಸ್ತೀನಿ ಅಂತ ಗೊತ್ತು, ಆದರೆ ಅದು ಬರೀ ದುಡ್ಡಿನ ಲೆಕ್ಕ. ಮತ್ತೆ ಚಪ್ಪಲಿ ತರೋದು ಮರೀಬೇಡ.

ನಿನ್ನ
ಲೈಟ್‌ಬಾಯ್