ಸೀನನಿಗೆ, ಅವನ ಕಾಲಿನ ವಿಚಾರವಾಗಿ

ಪ್ರೀತಿಯ ಸೀನ,

ಫೋನಲ್ಲಿ ಹೇಳಿದರೆ ಮಾತು ತಿರುಗಿಸುತ್ತೀಯ. ಮನೆಗೆ ಬಂದು ಹೇಳಿದರೆ ಕಾಫಿ ಕುಡಿಸಿ ಕಳಿಸುತ್ತೀಯ. ಅದಕ್ಕೇ ಇಲ್ಲಿ, ಎಲ್ಲರ ಕಣ್ಣಿಗೆ ಬೀಳುವ ಹಾಗೆ ಬರೆಯುತ್ತಿದ್ದೇನೆ. ನಮ್ಮ ಜೊತೆ ಓದಿದವರೆಲ್ಲ ನೋಡುತ್ತಾರೆ. ನೋಡಲಿ ಬಿಡು. ಅವರಲ್ಲೂ ನಾಲ್ಕಾರು ಜನಕ್ಕೆ ಇದೇ ತೊಂದರೆ ಇರುತ್ತದೆ, ಬಾಯಿ ಬಿಟ್ಟಿರುವುದಿಲ್ಲ ಅಷ್ಟೇ. ಬೈಯಬೇಕು ಅನ್ನಿಸಿದರೆ ಬೈ. ಆದರೆ ಪೂರ್ತಿ ಓದಿ ಆಮೇಲೆ ಬೈ.

ವಿಷಯ ಇಷ್ಟೇ. ನೀನು ನಡೆಯುತ್ತಾ ನಡೆಯುತ್ತಾ ನಿಲ್ಲುತ್ತೀಯ.

ಚಾಮುಂಡಿ ಬೆಟ್ಟದ ಮೆಟ್ಟಿಲ ಮೇಲಾಗಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅಲ್ಲಿ ಎಲ್ಲರೂ ನಿಲ್ಲುತ್ತಾರೆ. ನೀನು ನಿಲ್ಲುವುದು ಕುಕ್ಕರಹಳ್ಳಿ ಕೆರೆ ಏರಿ ಮೇಲೆ, ಸಮತಟ್ಟಾದ ದಾರಿಯಲ್ಲಿ. ಒಂದು ಸಲ ಫೋನ್ ತೆಗೆದು ನೋಡುತ್ತೀಯ. ಇನ್ನೊಂದು ಸಲ ಹೆಜ್ಜಾರ್ಲೆ ತೋರಿಸುತ್ತೀಯ. ಹಕ್ಕಿಯ ಮೇಲೆ ನಿನಗೆ ಯಾವತ್ತಿಂದ ಇಷ್ಟು ಪ್ರೀತಿ? ಹಕ್ಕಿ ತೋರಿಸುವಾಗ ನಿನ್ನ ಕೈ ಬಲಗಾಲಿನ ಮೀನಖಂಡವನ್ನು ಹಿಸುಕುತ್ತಿರುತ್ತದೆ. ಭಾರವೆಲ್ಲ ಎಡಗಾಲಿನ ಮೇಲೆ. ಎರಡು ಮೂರು ನಿಮಿಷಕ್ಕೆ ಸರಿಹೋಗುತ್ತದೆ, ಹೊರಡುತ್ತೀಯ. ಹೆಚ್ಚುಕಮ್ಮಿ ಅಷ್ಟೇ ದೂರ ಹೋದ ಮೇಲೆ ಮತ್ತೆ ನಿಲ್ಲುತ್ತೀಯ. ಪಕ್ಕದಲ್ಲೇ ಬೆಂಚಿದ್ದರೂ ಕೂರುವುದಿಲ್ಲ. ಸುಮ್ನೆ ನಿಂತರೆ ಸಾಕು ನಿನಗೆ.

ಆ ಕೂರದೇ ಇರುವುದೇ ನನ್ನ ನಿದ್ದೆ ಕೆಡಿಸಿದ್ದು ಕಣೋ. ಬೆನ್ನುಮೂಳೆಯಲ್ಲಿ ನರ ಒತ್ತಿದರೂ ನಡೆಯುವಾಗ ಕಾಲು ನೋಯುತ್ತದೆ. ಆದರೆ ಅಂಥವರಿಗೆ ಸಾಮಾನ್ಯವಾಗಿ ಕೂತರೆ, ಇಲ್ಲ ಮುಂದಕ್ಕೆ ಬಾಗಿದರೆ ಆರಾಮ. ನಿಂತ ಮಾತ್ರಕ್ಕೆ ನೋವು ಇಳಿದುಹೋಗುವುದು, ಪ್ರತಿ ಸಲ ಒಂದೇ ಅಳತೆಯ ದೂರಕ್ಕೆ ಬರುವುದು, ಅದು ರಕ್ತ ಸಾಲದೆ ಬರುವ ನೋವಿನ ಲಕ್ಷಣ. ನಡೆಯುವಾಗ ಮೀನಖಂಡಕ್ಕೆ ರಕ್ತ ಜಾಸ್ತಿ ಬೇಕು. ನಿಂತರೆ ಕಡಿಮೆ ಸಾಕು. ಹೃದಯದಿಂದ ಕಾಲಿಗೆ ರಕ್ತ ತರುವ ನಾಳದ ಒಳಗೋಡೆಗೆ ಜಿಡ್ಡು ಕಟ್ಟಿ ದಾರಿ ಕಿರಿದಾಗಿದ್ದರೆ ಹೀಗಾಗುತ್ತದೆ. ನಿಮ್ಮ ಮಂಡ್ಯದ ಕಡೆ ನಾಲೆಯಲ್ಲಿ ಹೂಳು ತುಂಬಿದರೆ ಕೊನೆ ಭಾಗದ ಗದ್ದೆಯವರು ಮೊದಲು ಕೂಗುತ್ತಾರಲ್ಲ, ಹಾಗೆ. ಕೂಗುವುದು ಮೀನಖಂಡ, ಹೂಳು ಇರುವುದು ಮೇಲೆ, ತೊಡೆಯಲ್ಲೋ ಸೊಂಟದ ಹತ್ತಿರವೋ.

ನನಗೆ ಇದೆಲ್ಲ ಪುಸ್ತಕ ಓದಿ ಬಂದದ್ದಲ್ಲ. ನಮ್ಮ ಮನೆಯಲ್ಲಿ ಎರಡು ಜೊತೆ ಕಾಲು ಇದ್ದವು. ಅಪ್ಪನದು, ಅಮ್ಮನದು. ಇಬ್ಬರಿಗೂ "ರಕ್ತ ಸಂಚಾರ ಸರಿಯಿಲ್ಲ" ಅಂತಲೇ ಹೇಳುತ್ತಿದ್ದರು. ಇಬ್ಬರ ಕಾಯಿಲೆಯೂ ಪೂರಾ ಉಲ್ಟಾ.

ಅಮ್ಮ ಶಾಲೆಯ ಬಿಸಿಯೂಟದ ಅಡುಗೆಮನೆಯಲ್ಲಿ ಬೆಳಿಗ್ಗೆಯಿಂದ ನಿಂತೇ ಇರುತ್ತಿದ್ದಳು. ಸಂಜೆ ಹೊತ್ತಿಗೆ ಪಾದ ಊದಿ ಕಾಲುಂಗುರ ಬಿಗಿಯುತ್ತಿತ್ತು. ಮೊಣಕಾಲ ಹಿಂದೆ ನೀಲಿ ರಕ್ತನಾಳ ಹುರಿಹುರಿಯಾಗಿ ಉಬ್ಬಿರುತ್ತಿತ್ತು. ಗಿಣ್ಣಿನ ಒಳಬದಿ ಚರ್ಮ ಕಪ್ಪಾಗಿ ತುರಿಕೆ. ಅವಳಿಗೆ ಕಾಲಿಗೆ ರಕ್ತ ಬರುವುದರಲ್ಲಿ ತೊಂದರೆ ಇರಲಿಲ್ಲ, ವಾಪಸ್ ಮೇಲಕ್ಕೆ ಹತ್ತುವುದರಲ್ಲಿ ಇತ್ತು. ಕೆಳಗಿನಿಂದ ಮೇಲೆ ಹೋಗುವ ನಾಳದ ಒಳಗೆ ಸಣ್ಣ ಸಣ್ಣ ಕವಾಟಗಳಿವೆ. ನಡೆದಾಗ ಮೀನಖಂಡ ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ, ಕವಾಟ ಅದನ್ನು ಕೆಳಗೆ ಜಾರದ ಹಾಗೆ ತಡೆಯುತ್ತದೆ. ನಿಂತಲ್ಲೇ ನಿಂತರೆ ಹಿಂಡುವವರಿಲ್ಲ. ಕವಾಟ ಸಡಿಲವಾದರೆ ತಡೆಯುವವರಿಲ್ಲ. ಅಡುಗೆಯವರು, ಮೇಷ್ಟ್ರುಗಳು, ಟ್ರಾಫಿಕ್ ಪೊಲೀಸರು, ದರ್ಶಿನಿಯಲ್ಲಿ ದೋಸೆ ಹುಯ್ಯುವವರು, ನಿಂತು ದುಡಿಯುವ ಇಂಥವರಲ್ಲಿ ಇದು ಬಹಳ. ಅಮ್ಮನಿಗೆ ರಾತ್ರಿ ಕಾಲ ಕೆಳಗೆ ದಿಂಬಿಟ್ಟು ಎತ್ತರಿಸಿದರೆ ಹಾಯೆನಿಸುತ್ತಿತ್ತು. ಡಾಕ್ಟರು ಕೊಟ್ಟ ಬಿಗಿ ಸ್ಟಾಕಿಂಗ್ಸನ್ನು ಬೆಳಿಗ್ಗೆ ಹಾಸಿಗೆಯಿಂದ ಇಳಿಯುವ ಮೊದಲೇ ಹಾಕಿಕೊಳ್ಳಬೇಕಿತ್ತು, ಊತ ಬರುವ ಮುಂಚೆ. ಒಲೆ ಮುಂದೆ ನಿಂತಾಗಲೂ ಹಿಮ್ಮಡಿ ಎತ್ತಿ ಇಳಿಸಿ ಎತ್ತಿ ಇಳಿಸಿ ಮಾಡುವ ಅಭ್ಯಾಸ ಮಾಡಿಕೊಂಡಳು. ಈಗಲೂ ಮಾಡುತ್ತಾಳೆ, ಸಾರಿಗೆ ಒಗ್ಗರಣೆ ಹಾಕುತ್ತಾ.

ಅಪ್ಪನ ಕಾಲು ಬೇರೆ ಜಾತಿ. ತಣ್ಣಗೆ, ಬಿಳಿಚಿಕೊಂಡು, ಹೊಳಪಾಗಿ. ಮೀನಖಂಡದ ಮೇಲಿನ ಕೂದಲು ಉದುರಿ ನುಣ್ಣಗಾಗಿತ್ತು. ಉಗುರು ದಪ್ಪ. ಮೊದಲು ನಿನ್ನ ಹಾಗೇ ನಡೆಯುವಾಗ ನಿಲ್ಲುತ್ತಿದ್ದ. ಆಮೇಲೆ ಮನೆಯಿಂದ ಹಾಲಿನ ಬೂತಿಗೆ ಹೋಗಿ ಬರುವುದರೊಳಗೆ ನಿಲ್ಲುವ ಜಾಗ ಜಾಸ್ತಿಯಾದವು. ಕೊನೆಗೆ ಮಲಗಿದಾಗಲೂ ನೋವು. ಅವನ ಕಾಲ ಕೆಳಗೆ ದಿಂಬಿಟ್ಟರೆ ಕಿರುಚುತ್ತಿದ್ದ, ಯಾಕೆಂದರೆ ಎತ್ತರಿಸಿದರೆ ಬರುವ ಅಲ್ಪ ರಕ್ತವೂ ಬರುವುದಿಲ್ಲ. ರಾತ್ರಿಯಿಡೀ ಮಂಚದ ಅಂಚಲ್ಲಿ ಕೂತು ಕಾಲನ್ನು ಇಳಿಬಿಟ್ಟುಕೊಂಡು ತೂಕಡಿಸುತ್ತಿದ್ದ. ಪಾದ ಕೆಂಪೇರಿದ ಮೇಲೆ ಸ್ವಲ್ಪ ಹೊತ್ತು ಕಣ್ಣು ಹತ್ತುತ್ತಿತ್ತು.

ಅದಕ್ಕೇ ಹೇಳುವುದು, ಕಾಲು ನೋವು ಅಂದ ತಕ್ಷಣ ಮೆಡಿಕಲ್ ಶಾಪಿಗೆ ಹೋಗಿ ಬಿಗಿ ಸ್ಟಾಕಿಂಗ್ಸ್ ಕೊಳ್ಳಬೇಡಿ. ಇದು ಸೀನನಿಗೆ ಮಾತ್ರ ಅಲ್ಲ, ಓದುತ್ತಿರುವ ಎಲ್ಲರಿಗೂ. ಅಮ್ಮನಂಥ ಕಾಲಿಗೆ ಅದು ಔಷಧಿ. ಅಪ್ಪನಂಥ ಕಾಲಿಗೆ ಅಪಾಯ. ಯಾವ ಕಾಲು ಅಂತ ಮೊದಲು ಗೊತ್ತಾಗಬೇಕು.

ಗೊತ್ತು ಮಾಡಿಕೊಳ್ಳುವುದು ಕಷ್ಟವೇನಿಲ್ಲ. ಪಾದದ ಮೇಲ್ಭಾಗದಲ್ಲಿ, ಹೆಬ್ಬೆರಳಿನ ನೇರಕ್ಕೆ ಮೇಲೆ ಹೋದರೆ ನಾಡಿ ಸಿಗುತ್ತದೆ. ಒಳಗಿಣ್ಣಿನ ಹಿಂದೆ ಇನ್ನೊಂದು. ಮೇಲಿನದು ಕೆಲವರಿಗೆ ಹುಟ್ಟಿನಿಂದಲೇ ಸಿಗುವುದಿಲ್ಲ, ಅಷ್ಟಕ್ಕೇ ಗಾಬರಿಯಾಗಬಾರದು. ಡಾಕ್ಟರ ಹತ್ತಿರ ಹೋದರೆ ಎಬಿಐ ಅಂತ ಒಂದು ಪರೀಕ್ಷೆ ಮಾಡುತ್ತಾರೆ. ಸೂಜಿ ಇಲ್ಲ, ನೋವಿಲ್ಲ. ಮಲಗಿಸಿ ತೋಳಿಗೂ ಗಿಣ್ಣಿನ ಮೇಲೂ ಬಿಪಿ ಪಟ್ಟಿ ಸುತ್ತುತ್ತಾರೆ. ಪಾದಕ್ಕೆ ತಣ್ಣನೆ ಜೆಲ್ ಹಚ್ಚಿ ಪೆನ್ನಿನಂಥ ಡಾಪ್ಲರ್ ಇಡುತ್ತಾರೆ. ರಕ್ತ ಹರಿಯುವ ಸದ್ದು ಹುಶ್ ಹುಶ್ ಅಂತ ಕೇಳುತ್ತದೆ. ಗಿಣ್ಣಿನ ಒತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸಿದರೆ 1ರ ಆಸುಪಾಸು ಬರಬೇಕು. 0.9 ಅಥವಾ ಅದಕ್ಕಿಂತ ಕಡಿಮೆ ಬಂದರೆ ನಾಳ ಕಿರಿದಾಗಿದೆ ಎಂದರ್ಥ. ಸಕ್ಕರೆ ಕಾಯಿಲೆ ಬಹಳ ವರ್ಷದಿಂದ ಇದ್ದವರಿಗೆ ನಾಳ ಗಡುಸಾಗಿ ಅಂಕಿ ಸುಳ್ಳೇ ಜಾಸ್ತಿ ಬರಬಹುದು, ಆಗ ಕಾಲ್ಬೆರಳಿನಲ್ಲಿ ಅಳೆಯುತ್ತಾರೆ. ಅಪ್ಪನಿಗೆ ತೋಳಲ್ಲಿ 150, ಗಿಣ್ಣಲ್ಲಿ 60 ಬಂದಿತ್ತು. 0.4. ಅವನ ಪಾದದಲ್ಲಿ ಹುಶ್ ಸದ್ದು ಹುಡುಕಲು ಆ ಹುಡುಗಿ ಎಷ್ಟು ಹೊತ್ತು ಪೆನ್ನು ಆಡಿಸಿದಳು ಗೊತ್ತಾ? ಸಿಕ್ಕಾಗ ಅವಳೇ ಉಸಿರು ಬಿಟ್ಟಳು.

ಅದಕ್ಕೂ ಮುಂಚೆ ಒಂದು ಕ್ಲಿನಿಕ್ಕಿನಲ್ಲಿ ಅಪ್ಪನಿಗೆ ವಯಸ್ಸಾಯಿತು, ನರ ದೌರ್ಬಲ್ಯ ಅಂತ ಕ್ಯಾಲ್ಸಿಯಂ ಮಾತ್ರೆ, ವಿಟಮಿನ್ ಮಾತ್ರೆ ಕೊಟ್ಟು ಕಳಿಸುತ್ತಿದ್ದರು. ಯಾರೂ ಅವನ ಪಾದ ಮುಟ್ಟಿ ನಾಡಿ ನೋಡಲಿಲ್ಲ. ಆ ಕೋಪ ನನಗೆ ಇನ್ನೂ ಇಳಿದಿಲ್ಲ.

ಆಮೇಲೆ ಚಪ್ಪಲಿಯ ಉಂಗುಷ್ಠ ಉಜ್ಜಿ ಹೆಬ್ಬೆರಳ ಪಕ್ಕ ಒಂದು ಗಾಯವಾಯಿತು. ಕಡಲೆಬೇಳೆಯಷ್ಟು. ರಕ್ತ ಬಾರದ ಜಾಗದಲ್ಲಿ ಗಾಯ ಮಾಯುವುದಿಲ್ಲ. ಬೆರಳು ಕಪ್ಪಾಯಿತು. ಕಪ್ಪು ಮೇಲಕ್ಕೆ ಹತ್ತಿತು. ಮೊಣಕಾಲ ಕೆಳಗೆ ಕಾಲು ತೆಗೆದರು. ಇಷ್ಟು ನಿನಗೂ ಗೊತ್ತು, ಆಸ್ಪತ್ರೆ ವರಾಂಡದಲ್ಲಿ ನೀನೇ ನನ್ನ ಜೊತೆ ಕೂತಿದ್ದೆ.

ನಿನಗೆ ಗೊತ್ತಿಲ್ಲದ್ದು ಒಂದಿದೆ. ಆಪರೇಷನ್ ಆಗಿ ಎರಡನೇ ರಾತ್ರಿ ಅಪ್ಪ ನಿದ್ದೆ ಮಾಡಿದ. ಎಷ್ಟೋ ತಿಂಗಳ ಮೇಲೆ ಅಂಗಾತ ಮಲಗಿ, ಬಾಯಿ ತೆರೆದು, ಗೊರಕೆ ಹೊಡೆದು ನಿದ್ದೆ ಮಾಡಿದ. ಬೆಳಿಗ್ಗೆ "ಚೆನ್ನಾಗಿ ನಿದ್ದೆ ಬಂತು ಕಣೋ" ಅಂದ. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು. ನನಗೆ ಖುಷಿಯಾಗಿತ್ತು. ಅಪ್ಪನ ಕಾಲು ಹೋಗಿದೆ, ನನಗೆ ಖುಷಿಯಾಗುತ್ತಿದೆ. ಇನ್ನು ರಾತ್ರಿ ಆ ನರಳಾಟ ಕೇಳಬೇಕಾಗಿಲ್ಲ ಅಂತ. ಅವನಿಗಾಗಿ ಎಷ್ಟು, ನನಗಾಗಿ ಎಷ್ಟು ಅಂತ ನಾನು ಈವತ್ತಿಗೂ ಬಿಡಿಸಿ ನೋಡಿಲ್ಲ. ಅಮ್ಮನಿಗೆ ಹೇಳಿಲ್ಲ, ಹೆಂಡತಿಗೂ ಹೇಳಿಲ್ಲ. ನಿನಗೆ ಹೇಳಬೇಕು ಅಂತ ಕೂತಿದ್ದೂ ಅಲ್ಲ. ಬಂದುಬಿಟ್ಟಿತು, ಇರಲಿ.

ಅಪ್ಪ ಹೋದದ್ದು ಕಾಲಿನಿಂದಲ್ಲ, ಹೃದಯಾಘಾತದಿಂದ. ಕಾಲಿನ ನಾಳಕ್ಕೆ ಜಿಡ್ಡು ಕಟ್ಟುವ ರಕ್ತವೇ ಹೃದಯಕ್ಕೂ ಮಿದುಳಿಗೂ ಹೋಗುವುದು, ಅಲ್ವಾ? ಅದಕ್ಕೇ ಇಂಥ ಕಾಲು ಇರುವವರಿಗೆ ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಜಾಸ್ತಿ. ಕಾಲು ಮೊದಲೇ ಬಂದು ಹೇಳಿಹೋಗುತ್ತಿದೆ. ಕೇಳಿಸಿಕೋ.

ಈಗ ಸಿಗರೇಟು. ಮುಖ ಮಾಡಬೇಡ. ಸಕ್ಕರೆ, ಬಿಪಿ, ಕೊಲೆಸ್ಟ್ರಾಲ್ ಎಲ್ಲ ಸೇರಿಯೇ ನಾಳ ಕೆಡಿಸುತ್ತವೆ, ಆದರೆ ಕಾಲಿನ ನಾಳಕ್ಕೆ ಹೊಗೆಯಷ್ಟು ದೊಡ್ಡ ಶತ್ರು ಇನ್ನೊಂದಿಲ್ಲ. ಜಿಡ್ಡೇ ಇಲ್ಲದೆ, ಇನ್ನೂ 40 ದಾಟದ ಬೀಡಿ ಸೇದುವ ಹುಡುಗರಿಗೂ ಕೈಕಾಲಿನ ಸಣ್ಣ ನಾಳ ಉರಿಯೂತ ಬಂದು ಮುಚ್ಚಿಹೋಗುವ ಒಂದು ಕಾಯಿಲೆ ಇದೆ. 1908ರಲ್ಲಿ ನ್ಯೂಯಾರ್ಕಿನ ಲಿಯೋ ಬರ್ಜರ್ ಎಂಬ ವೈದ್ಯ ಅದನ್ನು ವಿವರವಾಗಿ ಬರೆದ, ಅವನ ಹೆಸರಲ್ಲೇ ಕರೆಯುತ್ತಾರೆ. ಅದು ಮುಂದುವರಿಯದ ಹಾಗೆ ತಡೆಯಲು ಇವತ್ತಿಗೂ ತಂಬಾಕು ಪೂರ್ತಿ ಬಿಡುವುದೊಂದೇ ದಾರಿ. ಕಡಿಮೆ ಮಾಡುವುದಲ್ಲ, ಬಿಡುವುದು. ಒಬ್ಬನೇ ಒದ್ದಾಡಬೇಕಾಗಿಲ್ಲ. 1800-11-2356 ಅಂತ ನಿನ್ನ ಪ್ಯಾಕೆಟ್ಟಿನ ಮೇಲೇ ಅಚ್ಚಾಗಿದೆ. ಬಿಡಲು ಸಹಾಯ ಮಾಡುವವರ ನಂಬರು, ಕಾಸು ಖರ್ಚಿಲ್ಲ.

ಇನ್ನು ನಿನಗೆ ಆಶ್ಚರ್ಯವಾಗುವ ಮಾತು. ವಾಕಿಂಗ್ ಬಿಡಬೇಡ. ಅದೇ ಔಷಧಿ. ನೋವು ಶುರುವಾದ ತಕ್ಷಣ ನಿಲ್ಲದೆ, ಸ್ವಲ್ಪ ಬಲವಾಗುವವರೆಗೆ ನಡೆ. ಆಮೇಲೆ ನಿಲ್ಲು. ಪೂರ್ತಿ ಇಳಿದ ಮೇಲೆ ಮತ್ತೆ ನಡೆ. ಹೀಗೆ ಒಂದು ಸಲಕ್ಕೆ 30ರಿಂದ 45 ನಿಮಿಷ, ವಾರಕ್ಕೆ ಮೂರು ದಿನವಾದರೂ, ಕಡಿಮೆ ಅಂದರೆ 12 ವಾರ. ಇರುವ ರಕ್ತವನ್ನೇ ಚೆನ್ನಾಗಿ ಬಳಸಲು ಮೀನಖಂಡ ಕಲಿಯುತ್ತದೆ, ಪಕ್ಕದ ಸಣ್ಣ ನಾಳಗಳೂ ಒಂದಿಷ್ಟು ಹಿಗ್ಗುತ್ತವೆ. ನಿಲ್ಲುವ ಜಾಗ ದೂರ ದೂರ ಸರಿಯುತ್ತದೆ. ಆದರೆ ಹೃದಯ ಹೇಗಿದೆ ಅಂತ ಡಾಕ್ಟರು ನೋಡಿ ಹ್ಞೂಂ ಅಂದ ಮೇಲೆ ಶುರು ಮಾಡು. ಕೊಲೆಸ್ಟ್ರಾಲ್ ಮಾತ್ರೆ, ರಕ್ತ ಹೆಪ್ಪುಗಟ್ಟದ ಮಾತ್ರೆ ಬೇಕೋ ಬೇಡವೋ ಅವರೇ ಹೇಳಲಿ. ತೀರಾ ಕಟ್ಟಿಕೊಂಡಿದ್ದರೆ ಬಲೂನು ಹಾಕಿ ಅಗಲ ಮಾಡುತ್ತಾರೆ, ಬೈಪಾಸೂ ಇದೆ. ಎಲ್ಲರಿಗೂ ಅಷ್ಟು ದೂರ ಹೋಗಬೇಕಾಗುವುದಿಲ್ಲ.

ಬಿಸಿನೀರಲ್ಲಿ ಕಾಲು ಅದ್ದುವುದು ಮಾತ್ರ ನಿಲ್ಲಿಸು. ನಿನಗೆ ಸಕ್ಕರೆಯೂ ಇದೆ. ಸ್ಪರ್ಶ ಕಡಿಮೆಯಾಗಿದ್ದರೆ ಸುಟ್ಟದ್ದೂ ಗೊತ್ತಾಗುವುದಿಲ್ಲ. ನಂಜನಗೂಡಿಗೆ ಹೋದಾಗ ಮಧ್ಯಾಹ್ನದ ಕಲ್ಲುಚಪ್ಪಡಿ ಮೇಲೆ ಬರಿಗಾಲಲ್ಲಿ ಪ್ರದಕ್ಷಿಣೆ ಬೇಡ, ಬೆಳಿಗ್ಗೆ ತಂಪಿನಲ್ಲಿ ಹೋಗು, ದೇವರು ಬೇಡ ಅನ್ನುವುದಿಲ್ಲ. ಆಣಿಯನ್ನು ಬ್ಲೇಡಿನಿಂದ ಕೆತ್ತಬೇಡ. ರಾತ್ರಿ ಅಂಗಾಲು ನೋಡಿಕೋ, ಬಗ್ಗಲಾಗದಿದ್ದರೆ ಕನ್ನಡಿ ಇಟ್ಟುಕೊಂಡು ನೋಡು. ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ, ಬಿಳಿಚಿ, ಜೋಮು ಹಿಡಿದು ಜೋರು ನೋವು ಬಂದರೆ ಬೆಳಗಾಗಲಿ ಅಂತ ಕಾಯಬೇಡ, ಆಗ ಗಂಟೆಗಳ ಲೆಕ್ಕ. ಒಂದೇ ಕಾಲು ಊದಿ ಬಿಸಿಯಾದರೆ, ಅದರಲ್ಲೂ ರಾತ್ರಿ ಬಸ್ಸಿನ ದೂರ ಪ್ರಯಾಣದ ಮೇಲೆ, ಎಣ್ಣೆ ಹಚ್ಚಿ ತಿಕ್ಕಿಸಬೇಡ. ಒಳಗೆ ಹೆಪ್ಪುಗಟ್ಟಿದ್ದರೆ ಅದು ಕಳಚಿ ಶ್ವಾಸಕೋಶಕ್ಕೆ ಹೋಗಬಹುದು. ಸೀದಾ ಆಸ್ಪತ್ರೆಗೆ.

ಈಚೆಗೆ ನಾನು ನಿನ್ನಿಂದ ಎರಡು ಹೆಜ್ಜೆ ಹಿಂದೆ ನಡೆಯುತ್ತೇನಲ್ಲ, ಅದು ನಿನ್ನ ಕಾಲು ನೋಡುವುದಕ್ಕೆ. ನೀನು ನಿಂತಾಗಲೆಲ್ಲ ನನಗೆ ಅಪ್ಪನ ಬೆನ್ನು ಕಾಣುತ್ತದೆ. ಮಲಗುವ ಮುಂಚೆ ನನ್ನ ಪಾದದ ಮೇಲೂ ಬೆರಳಿಟ್ಟು ನಾಡಿ ನೋಡಿಕೊಳ್ಳುತ್ತೇನೆ. ಹೆದರಿಕೆ ಕಣೋ. ಇನ್ನೊಂದು ಸಲ ಅದೇ ವರಾಂಡದಲ್ಲಿ ಕೂರಲು ನನ್ನಿಂದಾಗುವುದಿಲ್ಲ. ಆವತ್ತು ಪಕ್ಕದಲ್ಲಿ ನೀನಿದ್ದೆ. ಒಳಗೆ ನೀನಿದ್ದರೆ ಪಕ್ಕದಲ್ಲಿ ಯಾರಿರುತ್ತಾರೆ ಹೇಳು?

ಸರಿ, ಸಾಕು. ಇಷ್ಟೊತ್ತಿಗೆ ಕಾಮೆಂಟಲ್ಲಿ ನಮ್ಮ ಹಳೇ ಬ್ಯಾಚಿನವರು ತಮಾಷೆ ಶುರು ಮಾಡಿರುತ್ತಾರೆ. ಮಾಡಲಿ.

ಶನಿವಾರ ಬೆಳಿಗ್ಗೆ ವ್ಯಾಸ್ಕುಲರ್, ಅಂದರೆ ರಕ್ತನಾಳದ ಡಾಕ್ಟರ ಹತ್ತಿರ ಹೆಸರು ಬರೆಸಿದ್ದೇನೆ. ಆ ಜೀನ್ಸ್ ಬೇಡ, ಪಂಚೆ ಉಟ್ಟುಕೊಂಡು ಬಾ, ಗಿಣ್ಣಿಗೆ ಪಟ್ಟಿ ಸುತ್ತಬೇಕು. ಹೋಗುವ ಮುಂಚೆ ಎರಡು ಗಂಟೆಯಾದರೂ ಸೇದಬೇಡ, ಅಂಕಿ ಕೆಡುತ್ತದೆ. ದಿನಕ್ಕೆ ಎಷ್ಟು ಅಂತ ಡಾಕ್ಟರು ಕೇಳುತ್ತಾರೆ, ನಿಜ ಹೇಳು. ನಾನು ಹೊರಗೆ ಇರುತ್ತೇನೆ, ನನಗೆ ಕೇಳಿಸುವುದಿಲ್ಲ. ಬಿಲ್ಲು ನನ್ನದು, ಆಮೇಲಿನ ತಿಂಡಿ ನಿನ್ನದು.

ನಿನ್ನ,
ಗುಂಡ

ತಾಜಾ ಕಲಂ: ಅತ್ತಿಗೆಗೆ ಈ ಪತ್ರ ಮೊದಲೇ ಕಳಿಸಿದ್ದೇನೆ. ಶನಿವಾರ ತಪ್ಪಿಸಿಕೊಳ್ಳಲು ಆಗುವುದಿಲ್ಲ.